ಸೆರ್ಮೆ ಎಂಬ ಹೆಸರು

ಚರ್ಚಿನ ಬಾಗಿಲಲ್ಲಿ ಓದಿಲ್ ಆ ಹೂಚಕ್ರವನ್ನು ಎರಡೂ ಕೈಯಿಂದ ಹೊರಗೆ ತಳ್ಳುತ್ತಿದ್ದಳು. ಆಚೆ ಬದಿಯಿಂದ ಅದನ್ನು ಹಿಡಿದು ನಿಂತವನು ಜಿನೀವಾದ ಗಡಿಯಾರ ಕಂಪನಿ ಕಳಿಸಿದ ಯುವಕ. ಬಿಳಿ ಲಿಲ್ಲಿ ಹೂಗಳಿಗೆ ಅಡ್ಡಲಾಗಿ ಅಗಲ ರಿಬ್ಬನ್. ಅದರ ಮೇಲೆ, ಅವರ ಗಡಿಯಾರದ ಮುಖದ ಮೇಲಿರುವಂಥದೇ ಅಕ್ಷರಗಳಲ್ಲಿ, ‘ಸೆರ್ಮೆ’.

“ಮೇಡಂ, ಇದು ನಿಮ್ಮ ತಂದೆಯವರ ಹೆಸರೇ ಅಲ್ವಾ?”

“ಹೆಸರು ನಿಮ್ದು. ಅಪ್ಪ ನನ್ನೋರು. ಹೊರಗಿಡಿ ಅದನ್ನ.”

“ಎರಡು ಮಾತಾಡಿ ಬಾ ಅಂದಿದಾರೆ. ನಾಲ್ಕು ತಲೆಮಾರು, ಕೊನೆಯ ಯಜಮಾನ, ಅಂತ…”

“ಯಾರಿಗೆ ಹೇಳ್ತೀರಿ? ಬೆಂಚುಗಳಿಗಾ?”

ಯುವಕ ಒಳಗೆ ಇಣುಕಿದ. ಪಾದ್ರಿ, ಶವಪೆಟ್ಟಿಗೆ, ಓದಿಲ್‌ಳ ಗಂಡ, ಅವನ ತಮ್ಮ, ರಸ್ತೆ ಕೆಲಸದವರು ಮೂವರು. ಮುಚ್ಚಿಹೋದ ಗಡಿಯಾರ ಕಾರ್ಖಾನೆಯವರ ಪೈಕಿ ಬಂದಿದ್ದವಳು ಮಾರ್ಸೆಲೀನ್ ಒಬ್ಬಳೇ. ಹರೆಯದಿಂದಲೂ ಗಡಿಯಾರಗಳಿಗೆ ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತಿದ್ದ ಮುದುಕಿ.

“ಎಲ್ಲಾ ಎದುರಿನ ಕೆಫೆಲಿ ಕೂತಿದಾರೆ ಕಣೇ,” ಎಂದಳು ಅವಳು, ಓದಿಲ್‌ಳ ಮೊಣಕೈ ಹಿಡಿದು. “ಒಳಗೆ ಬರೋಕೂ ಮನಸಿಲ್ಲ, ಮನೆಗೆ ಹೋಗೋಕೂ ಮನಸಿಲ್ಲ.”

“ಗಸ್ತೋಂ?”

“ಅವನೂ ಇದಾನೆ. ಮೂತಿ ಊದಿಸ್ಕೊಂಡು ಕಿಟಕಿ ಪಕ್ಕಾನೇ ಕೂತಿದಾನೆ.”

*

ಓದಿಲ್‌ಳ ಅಪ್ಪ ಅರ್ಮಾಂ ಸೆರ್ಮೆಯ ಮುತ್ತಜ್ಜ ದನ ಸಾಕುತ್ತಿದ್ದ ರೈತ. ಹಿಮ ಹೊಲಗಳನ್ನು ಮುಚ್ಚಿದ ತಿಂಗಳುಗಳಲ್ಲಿ ಅಡುಗೆಮನೆಯ ಕಿಟಕಿ ಬೆಳಕಿಗೆ ಕೂತು ಗಡಿಯಾರದ ಹಲ್ಲುಚಕ್ರಗಳನ್ನು ಅರದಿಂದ ಉಜ್ಜುತ್ತಿದ್ದ. ಅಜ್ಜ ಹೊಳೆಯ ಪಕ್ಕ ಕಾರ್ಖಾನೆ ಕಟ್ಟಿಸಿದ. ಅಪ್ಪನ ಕಾಲಕ್ಕೆ ಊರಿನ ಪ್ರತಿ ಮನೆಯಿಂದಲೂ ಒಬ್ಬರು ಅಲ್ಲಿಗೆ ದುಡಿಯಲು ಹೋಗುತ್ತಿದ್ದರು. ಅರ್ಮಾಂನ ಪಾಲಿಗೆ ಬಂದದ್ದು ಅದನ್ನು ಮುಚ್ಚುವ ಕೆಲಸ.

ಜಪಾನಿನ ಬ್ಯಾಟರಿ ಗಡಿಯಾರಗಳು ಬಂದ ಮೇಲೆ ಕೀಲಿ ಕೊಡುವ ಗಡಿಯಾರವನ್ನು ಕೇಳುವವರಿರಲಿಲ್ಲ. ಒಂದು ಬೆಳಿಗ್ಗೆ ಅವನು ಕಾರ್ಖಾನೆಯ ಊಟದ ಕೋಣೆಯಲ್ಲಿ ಬೆಂಚು ಹತ್ತಿ ನಿಂತ.

“ಸೆರ್ಮೆ ಹೆಸರನ್ನ ಜಿನೀವಾದವರು ಕೊಂಡ್ಕೊಂಡಿದಾರೆ.”

“ನಮ್ಮನ್ನ?” ಎಂದು ಕೇಳಿದವನು ಗಸ್ತೋಂ.

“ಹೆಸರನ್ನ ಮಾತ್ರ.”

ಮುಂದಿನ ಚಳಿಗಾಲದಲ್ಲಿ ಗಸ್ತೋಂನ ತಮ್ಮ ರೆಮಿ, ಗಡಿಯಾರದ ಕವಚಗಳಿಗೆ ಹೊಳಪು ಕೊಡುತ್ತಿದ್ದವನು, ಕೊಟ್ಟಿಗೆಯ ತೊಲೆಗೆ ನೇಣು ಹಾಕಿಕೊಂಡ. ಅವನ ಶವಸಂಸ್ಕಾರಕ್ಕೆ ಅರ್ಮಾಂ ಬಂದ. ಗಸ್ತೋಂ ಚರ್ಚಿನ ಬಾಗಿಲಿಗೆ ಕೈ ಅಡ್ಡ ಇಟ್ಟು, “ನೀನು ಆಚೆ,” ಎಂದ. ಪ್ರಾರ್ಥನೆ ಮುಗಿಯುವವರೆಗೂ ಅರ್ಮಾಂ ಹಿಮದಲ್ಲಿ ನಿಂತಿದ್ದ.

ಇನ್ನು ಇವನು ಊರು ಬಿಡುತ್ತಾನೆ ಎಂದುಕೊಂಡರು ಎಲ್ಲರೂ. ಹೆಂಡತಿ ಬಿಟ್ಟಳು, ಅವನು ಬಿಡಲಿಲ್ಲ. ಪಂಚಾಯಿತಿಯಲ್ಲಿ ಹಿಮ ತಳ್ಳುವ ಬಂಡಿಯ ಚಾಲಕನಾಗಿ ಸೇರಿದ. ಊರವರು ಏಳುವ ಮೊದಲೇ ಅವರ ಬಾಗಿಲುಗಳ ಮುಂದೆ ದಾರಿ ಬಿಡಿಸಿಟ್ಟು ಹೋಗುತ್ತಿದ್ದ. ಆ ದಾರಿಯಲ್ಲೇ ನಡೆದು ಬಂದವರು ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದರು.

ಶಾಲೆಯಲ್ಲಿ ಓದಿಲ್‌ಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಒಂದು ಸಂಜೆ ಅವಳು ಅತ್ತಳು. “ಬೇರೆ ಊರಿಗೆ ಹೋಗೋಣಪ್ಪಾ.”

ಅರ್ಮಾಂ ಸೂಪಿಗೆ ಬ್ರೆಡ್ ಮುರಿದು ಹಾಕುತ್ತಿದ್ದ. “ನಾವು ಹೋದ್ರೆ, ಪಾಪ, ಅವ್ರು ಯಾರನ್ನ ಬಯ್ಯಬೇಕು?”

*

ಪ್ರಾರ್ಥನೆ ಮುಗಿಯಿತು. ಸ್ಮಶಾನ ಗುಡ್ಡದ ಮೇಲೆ. ಹಿಮ ಬೀಳುತ್ತಿದ್ದುದರಿಂದ ಗಾಡಿ ಹತ್ತುವಂತಿರಲಿಲ್ಲ. ಹೊರಲು ಆರು ಜನ ಬೇಕು, ಇದ್ದವರು ಐವರು.

“ನಾನೇ ಹೆಗಲು ಕೊಡ್ತೀನಿ,” ಎಂದು ಕಂಪನಿಯ ಯುವಕ ಮುಂದೆ ಬಂದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಅವನ ದನಿಯಲ್ಲಿ ಕಪಟವಿರಲಿಲ್ಲ. ಓದಿಲ್‌ಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಬೇಡವೆಂದರೆ ಹೊರುವವರಾದರೂ ಯಾರು?

ಬಾಗಿಲಿನಿಂದ ಗಡಸು ದನಿ ಬಂತು. “ಏಯ್ ತಮ್ಮಾ, ಕೈ ತೆಗಿ.”

ಗಸ್ತೋಂ. ಎಪ್ಪತ್ತು ದಾಟಿದ ಆಳು, ಬಾಯಲ್ಲಿ ವೈನಿನ ವಾಸನೆ.

“ತಾವು ಸಂಬಂಧಿಕರಾ?” ಎಂದ ಯುವಕ.

“ಅಲ್ಲ. ಇವನನ್ನ ನಲವತ್ತು ವರ್ಷದಿಂದ ಬಯ್ಕೊಂಡು ಬಂದಿರೋನು. ನೀನು ಒಂದಿನಾನಾದ್ರೂ ಬಯ್ದಿದೀಯಾ?”

ಯುವಕ ಹಿಡಿಯಿಂದ ಕೈ ತೆಗೆದ.

“ಇಲ್ಲ ತಾನೆ? ಹಂಗಾದ್ರೆ ಸರಿ ಆಚೆ. ಹೆಸರು ತಗೊಂಡ್ರಿ, ಆಯ್ತು. ಹೆಣ ನಮ್ದು.”

“ವಯಸ್ಸಾಯ್ತಲ್ಲೋ ಗಸ್ತೋಂ, ಬಿದ್ದುಬಿಟ್ಟೀಯ,” ಎಂದಳು ಮಾರ್ಸೆಲೀನ್.

“ಬಿದ್ರೆ ಅಲ್ಲೇ ಹೂಳು. ಗುಂಡಿ ಹೆಂಗೂ ತೋಡಿದಾರೆ.”

ಅವನು ಬಗ್ಗಿ ಹೆಗಲು ಕೊಟ್ಟ. ಪೆಟ್ಟಿಗೆ ಮೇಲೆದ್ದಿತು. ಕೆಫೆಯವರು ಒಬ್ಬೊಬ್ಬರಾಗಿ ಟೋಪಿ ಹಾಕಿಕೊಂಡು ಹೊರಬಂದರು. ಚರ್ಚಿನ ಹತ್ತಿರ ಬರಲಿಲ್ಲ. ಆದರೆ ಮೆರವಣಿಗೆ ಏರು ಹತ್ತಿದಂತೆ ದೂರದಲ್ಲೇ ಹಿಂದೆ ಹಿಂದೆ ಬಂದರು.

ಪೆಟ್ಟಿಗೆ ಇಳಿಸುವ ಹೊತ್ತಿಗೆ ಹಿಮ ನಿಂತಿತ್ತು. ಮಣ್ಣು ಹಾಕಿದ ಓದಿಲ್ ಪುಟ್ಟ ಸಲಿಕೆಯನ್ನು ಗಸ್ತೋಂನತ್ತ ಚಾಚಿದಳು. ಅವನು ಕೈಗಳನ್ನು ಜೇಬಿಗೆ ಇಳಿಸಿದ.

“ಅದು ನನ್ನಿಂದ ಆಗಲ್ಲ ಮಗಳೇ. ರೆಮಿ ಮೇಲಿನ ಸಾಲಲ್ಲೇ ಇದಾನೆ. ನೋಡ್ತಿರ್ತಾನೆ.”

ಓದಿಲ್ ಸಲಿಕೆಯನ್ನು ಮಾರ್ಸೆಲೀನ್‌ಗೆ ಕೊಟ್ಟಳು. ಆಮೇಲೆ ಅಂದಳು, “ಆದ್ರೂ ಕೆಳಗೆ ಮನೆಗೆ ಬನ್ನಿ. ವೈನ್ ಇದೆ, ಹ್ಯಾಮ್ ಬೇಯಿಸಿದೀನಿ.”

“ಹಸಿವಿಲ್ಲ.”

ಅವನು ಯಾರಿಗೂ ಕಾಯದೆ ಇಳಿಯತೊಡಗಿದ. ಗೇಟಿನ ಬಳಿ ನಿಂತಿದ್ದ ಕೆಫೆಯವರು ದಾರಿ ಬಿಟ್ಟರು. ಓದಿಲ್ ಅವನ ಬೆನ್ನನ್ನೇ ನೋಡುತ್ತ ನಿಂತಳು. ಟೋಪಿ, ಕಾಲರು, ಎಡ ಹೆಗಲು, ಬೆನ್ನು, ಎಲ್ಲದರ ಮೇಲೂ ಬೆಳ್ಳಗೆ ಹಿಮ ಕೂತಿತ್ತು. ಪೆಟ್ಟಿಗೆ ಒತ್ತಿದ್ದ ಬಲ ಹೆಗಲೊಂದು ಮಾತ್ರ ಕಪ್ಪಗೆ, ಒಣಗಿಯೇ ಉಳಿದಿತ್ತು.