ಮಂಚ ಮಾರುವ ಭಾವನೂ ಗಿಣಿಯ ಕೆಮ್ಮೂ

ಭಾವನವರು ಆಸ್ಪತ್ರೆಗಳಿಗೆ ಮಂಚ ಮಾರುತ್ತಿದ್ದರು. ತಲೆಯ ಕಡೆ ಏಳುವ ಮಂಚ, ಕಾಲಿನ ಕಡೆ ಏಳುವ ಮಂಚ, ಪಕ್ಕದಲ್ಲಿ ಕಂಬಿ ಇರುವ ಮಂಚ. ವರ್ಷಗಟ್ಟಲೆ ಡಾಕ್ಟರುಗಳ ಬಾಗಿಲ ಹೊರಗೆ ಕಾದು ಕೂತು, ಒಳಗಿನವರ ವಿದ್ಯೆ ಬಾಗಿಲ ಸಂದಿಯಿಂದ ತಮ್ಮ ಕಡೆಗೂ ಹರಿದು ಬಂದಿದೆ ಎಂದು ಅವರು ನಂಬಿದ್ದರು. ಮನೆಯವರೂ ನಂಬಿದ್ದರು. ಅತ್ತೆಗೆ ಮೊಣಕಾಲು ಹಿಡಿದುಕೊಂಡರೆ ದೊಡ್ಡ ಮಗನಾದ ಅವರಿಗೆ ಫೋನು, ಪಕ್ಕದ ಮನೆಯವರಿಗೆ ಎದೆ ಉರಿದರೂ ದೊಡ್ಡ ಮಗನಿಗೇ ಫೋನು. ವಾಸಿಯಾದರೆ ಅವರ ಕೈಗುಣ, ಆಗದಿದ್ದರೆ ಕಾಯಿಲೆಯ ಹಟಮಾರಿತನ.

ಈ ಭಕ್ತಮಂಡಳಿಗೆ ಸೇರದವಳೆಂದರೆ ಅವರ ತಮ್ಮನ ಹೆಂಡತಿ, ಕಿರಿಸೊಸೆ ಒಬ್ಬಳೇ. ಅವಳು ಬಟ್ಟೆ ಒಗೆಯುವ ಮೆಷಿನ್ ಮಾರುವ ಕಂಪನಿಯ ದೂರು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು, ನಮ್ಮ ಮೆಷಿನ್ ಕುಣಿಯುತ್ತಿದೆ, ನಮ್ಮದು ನೀರು ಕಾರುತ್ತಿದೆ ಎಂಬ ಗೋಳು ಕೇಳಿ, ಯಾರ ಮನೆಗೆ ಮೆಕ್ಯಾನಿಕ್ಕನ್ನು ಕಳಿಸಬೇಕು, ಯಾರಿಗೆ ಪ್ಲಗ್ಗು ಸರಿಯಾಗಿ ಚುಚ್ಚಿ ಎಂದರೆ ಸಾಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಭಾವನವರು ಅವಳಿಗೆ ‘ಮೆಷಿನ್ನಮ್ಮ’ ಎಂದು ಹೆಸರಿಟ್ಟಿದ್ದರು. ತಾವೇ ಇಟ್ಟ ಹೆಸರಿಗೆ ಪ್ರತಿ ಸಲವೂ ಹೊಸದಾಗಿ ನಗುವ ಶಕ್ತಿ ಅವರಿಗಿತ್ತು.

ಅವಳ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಗಿರುವ ಇನ್ನೊಂದು ಬ್ರೇಕನ್ನು ಒತ್ತುವುದು ಅವನ ನಿತ್ಯದ ಕಾಯಕ. ಆ ಅಭ್ಯಾಸ ಮನೆಗೂ ಬಂದಿತ್ತು. ಪರದೆಯ ಬಣ್ಣ ಬದಲಿಸೋಣ ಎಂದರೂ ಸರಿ, ಮಗುವಿಗೆ ಜ್ವರ ಎಂದರೂ ಸರಿ, ಅವನ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು: ಅಣ್ಣನನ್ನು ಒಮ್ಮೆ ಕೇಳೋಣ.

ಅವರ ಮಗಳು ಗಿಣಿ. ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಮಾತು ಜಾಸ್ತಿಯಾದ್ದರಿಂದ ಆ ಹೆಸರು. ಹೋದ ಚಳಿಗಾಲದಲ್ಲಿ ಅದಕ್ಕೆ ಮೊದಲ ಸಲ ನಾಯಿಮರಿ ಬೊಗಳಿದಂಥ ಕೆಮ್ಮು ಬಂದಾಗ ತಾಯಿ ಬೆದರಿ, ಮನೆಯ ಚಪ್ಪಲಿಯಲ್ಲೇ ಆಸ್ಪತ್ರೆಗೆ ಓಡಿದ್ದಳು. ಅಲ್ಲಿ ಗಿಣಿ ಡಾಕ್ಟರರ ಸ್ಟೆತಸ್ಕೋಪನ್ನು ಕಸಿದುಕೊಂಡು ಆಡಿತು. ಡಾಕ್ಟರು ನೋಡಿ, ಇದಕ್ಕೆ ಕ್ರೂಪ್ ಅನ್ನುತ್ತಾರೆ, ಧ್ವನಿಪೆಟ್ಟಿಗೆಯ ಹತ್ತಿರ ಊತ, ಬಹಳ ಮಕ್ಕಳಿಗೆ ಮನೆಯಲ್ಲೇ ಇಳಿಯುತ್ತದೆ, ಅಳಿಸಬೇಡಿ, ನೀರು ಕುಡಿಸಿ ಎಂದರು. ಕೆಮ್ಮಿನ ಸದ್ದಿಗೆ ಹೆದರಬೇಡಿ, ಉಸಿರಿನ ಸದ್ದಿಗೆ ಹೆದರಿ ಎಂದೂ ಹೇಳಿದರು. ಮಗು ಸುಮ್ಮನೆ ಕೂತಿದ್ದಾಗಲೂ ಉಸಿರು ಒಳಗೆಳೆದುಕೊಳ್ಳುವಾಗ ಕೀರಲು ಸದ್ದು ಬಂದರೆ, ಗಂಟಲ ಕೆಳಗಿನ ಕುಳಿಯೋ ಪಕ್ಕೆಲುಬಿನ ಸಂದಿಯೋ ಒಳಗೆ ಎಳೆದರೆ, ಜೊಲ್ಲು ನುಂಗಲಾಗದೆ ಸುರಿದರೆ, ತುಟಿ ನೀಲಿಯಾದರೆ, ಮಂಕು ಹಿಡಿದರೆ ಒಂದು ಕ್ಷಣವೂ ಕಾಯಬೇಡಿ ಎಂದರು.

ಔಷಧಿ ಇಲ್ಲದೆ ವಾಪಸು ಬಂದ ಸೊಸೆಯನ್ನು ಭಾವನವರು ಸುಮ್ಮನೆ ಬಿಡುವರೇ? ಆಮೇಲೆ ಆರು ತಿಂಗಳು, ಯಾರು ಸೀನಿದರೂ ಅವರು “ಮೆಷಿನ್ನಮ್ಮ, ಆಂಬುಲೆನ್ಸ್ ಕರೆಸೋಣವಾ?” ಎಂದು ಕೇಳುತ್ತಿದ್ದರು. ಅತ್ತೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಗಂಡ ನಗುತ್ತಿರಲಿಲ್ಲ, ಆದರೆ ನಗಬೇಡಿ ಎಂದೂ ಅನ್ನುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಭಾವನವರು ಹೊಸ ಕಾರು ತೋರಿಸಲು ಬಂದರು. ಅವರ ಹೆಂಡತಿ ತಲೆನೋವೆಂದು ಮನೆಯಲ್ಲೇ ಉಳಿದಿದ್ದಳು. ಆ ತಲೆನೋವು ಪ್ರತಿ ಭಾನುವಾರವೂ ಬರುತ್ತಿತ್ತು, ಅದಕ್ಕೆ ಭಾವನವರ ಬಳಿಯೂ ಔಷಧಿ ಇರಲಿಲ್ಲ. ತಮ್ಮ ಮನೆಗೆ ತಂದು ನಿಲ್ಲಿಸಿದ್ದ ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರು ಹೊರಗೆ ಬರಲಾಗದಂತೆ ಅದರ ಹಿಂದೆ ತಮ್ಮ ದೊಡ್ಡ ಕಾರನ್ನು ಅಡ್ಡ ನಿಲ್ಲಿಸಿ, ಒಳಗೆ ಬಂದು ಸೋಫಾದ ನಡುವೆ ಕೂತರು. ಕೂತ ಮೇಲೆ ಎರಡೂ ಕಡೆ ಬೇರೆಯವರಿಗೆ ಜಾಗ ಉಳಿಯಲಿಲ್ಲ.

ಗಿಣಿಗೆ ಹಿಂದಿನ ದಿನದಿಂದ ಮೂಗು ಸೋರುತ್ತಿತ್ತು, ಬೆಳಿಗ್ಗೆಯಿಂದ ಗಂಟಲು ಒಡೆದಿತ್ತು. ದೊಡ್ಡಪ್ಪನ ಕಾರಿನ ಬೆಲೆ ಕೇಳಿ ಮುಗಿಯುವಷ್ಟರಲ್ಲಿ ಕೆಮ್ಮು ಶುರುವಾಯಿತು. ಅದೇ ಬೊಗಳುವ ಕೆಮ್ಮು. ಅತ್ತೆ ಹೌಹಾರಿ, ಎತ್ತಿಕೋ, ಬೆನ್ನು ತಟ್ಟು, ಏನಾದರೂ ಮಾಡು ಎಂದಳು. ಕಿರಿಸೊಸೆ ಗಾಬರಿಯಾಗಲಿಲ್ಲ. ಮಗು ಕೆಮ್ಮುತ್ತಿತ್ತು, ಕೆಮ್ಮಿನ ನಡುವೆ ನೆಲದ ಮೇಲೆ ಡಬ್ಬಿಗಳನ್ನು ಜೋಡಿಸುತ್ತಿತ್ತು, ಕೊಟ್ಟ ನೀರು ಕುಡಿಯುತ್ತಿತ್ತು. ಸುಮ್ಮನಿದ್ದಾಗ ಉಸಿರು ಸದ್ದಿಲ್ಲದೆ ಆಡುತ್ತಿತ್ತು. ಈಗ ಡಾಕ್ಟರ ಅಗತ್ಯವಿಲ್ಲ, ನೋಡುತ್ತಿರೋಣ ಎಂದು ಅವಳು ಹೇಳಿದಳು.

ಅಗತ್ಯವಿಲ್ಲ ಎಂದು ಹೇಳುವ ಹಕ್ಕು ತಮ್ಮದಾಗಿದ್ದರಿಂದ ಭಾವನವರಿಗೆ ಇದು ಹಿಡಿಸಲಿಲ್ಲ. ಅವರು ಎದ್ದು, ಮಗುವಿನ ಬಾಯಿ ತೆರೆಸಿ, ಫೋನಿನ ಬೆಳಕು ಬಿಟ್ಟು ಇಣುಕಿ, ಏನೂ ಕಾಣದಿದ್ದರೂ “ಹೂಂ, ಹೂಂ” ಎಂದರು. ಕಫ ಒಣಗಿ ಅಂಟಿಕೊಂಡಿದೆ, ಹಬೆ ಕೊಟ್ಟರೆ ಕರಗಿ ಬಿಡುತ್ತದೆ ಎಂದರು. ಹಬೆ ಬೇಡ, ಬಿಸಿನೀರಿನ ಹತ್ತಿರ ಮಗುವನ್ನು ಒಯ್ಯಬೇಡಿ, ಹೆದರಿ ಅತ್ತರೆ ಊತ ಹೆಚ್ಚುತ್ತದೆ ಎಂದು ಅವಳು ಹೇಳುವಷ್ಟರಲ್ಲಿ ಅತ್ತೆ ಬಚ್ಚಲಿನ ಬಿಸಿನೀರಿನ ನಲ್ಲಿ ತಿರುಗಿಸಿಯಾಗಿತ್ತು.

“ಇದು ವಾಷಿಂಗ್ ಮೆಷಿನ್ ಅಲ್ಲಮ್ಮ,” ಎಂದರು ಭಾವನವರು. “ಮನುಷ್ಯರ ದೇಹ. ಸ್ವಲ್ಪ ತಿಳಿದವರಿಗೆ ಬಿಡು.”

ಅವಳು ಗಂಡನ ಮುಖ ನೋಡಿದಳು. ಗಂಡ ಗೋಡೆಯ ಗಡಿಯಾರ ನೋಡಿದ.

ಭಾವನವರು ಗಿಣಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿಂದ ಮಗು ಕಿರುಚತೊಡಗಿತು. ಅದು ಕಿರುಚುವ ಧ್ವನಿಯೂ ಆಗಿರಲಿಲ್ಲ, ಹರಿದ ಕಾಗದ ಎಳೆದ ಹಾಗಿತ್ತು. ಅವಳು ಬಾಗಿಲು ಬಡಿದಳು. ಇನ್ನೊಂದು ನಿಮಿಷ, ಕರಗುತ್ತಿದೆ ಎಂಬ ಉತ್ತರ ಬಂತು. ಅವಳು ಬಾಗಿಲನ್ನು ಭುಜದಿಂದ ದಬ್ಬಿ ನುಗ್ಗಿ, ಹಬೆಯೊಳಗಿಂದ ಮಗಳನ್ನು ಕಿತ್ತುಕೊಂಡು ಹೊರಗೆ ಬಂದಳು. ಹಿಂದಿನಿಂದ ಭಾವನವರೂ ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಅವರ ಇಸ್ತ್ರಿ ಹಾಕಿದ ಅಂಗಿ ನೆನೆದು ಹೊಟ್ಟೆಗೆ ಅಂಟಿತ್ತು. ಬೇರೆ ದಿನವಾಗಿದ್ದರೆ ಅವಳು ಆ ನೋಟವನ್ನು ಸವಿಯುತ್ತಿದ್ದಳು.

ಕಿಟಕಿಯ ಹತ್ತಿರ ಕೂತು, ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಬೀದಿಯಲ್ಲಿ ಹೋಗುವ ಸೈಕಲ್ಲು ತೋರಿಸುತ್ತ ಸಮಾಧಾನ ಮಾಡಿದಳು. ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಕೆಮ್ಮೂ ನಿಂತಿತು. ಭಾವನವರು ಗೆದ್ದವರ ನಗು ನಕ್ಕರು. ನೋಡಿದೆಯಾ, ಹಬೆ ಕೆಲಸ ಮಾಡಿತು ಎಂದರು. ಅತ್ತೆ ದೊಡ್ಡ ಮಗನ ಬೆನ್ನು ಸವರಿ ಕಾಫಿ ಮಾಡಲು ಹೋದಳು. ಮನೆಯ ಎಲ್ಲರಿಗೂ ಮಗು ವಾಸಿಯಾಗಿತ್ತು.

ಮಗುವನ್ನು ಹಿಡಿದುಕೊಂಡಿದ್ದವಳಿಗೆ ಮಾತ್ರ ಬೇರೆಯದು ಕೇಳುತ್ತಿತ್ತು. ಗಿಣಿ ಈಗ ಡಬ್ಬಿ ಕೇಳುತ್ತಿರಲಿಲ್ಲ, ಸೈಕಲ್ಲನ್ನೂ ನೋಡುತ್ತಿರಲಿಲ್ಲ. ಉಸಿರು ಒಳಗೆ ಹೋಗುವಾಗಲೆಲ್ಲ ಸಣ್ಣಗೆ ಕೀರಲು ಸದ್ದು, ಎಣ್ಣೆ ಕಾಣದ ಕೀಲಿನಂತೆ. ಅಂಗಿಯ ಗುಂಡಿ ಬಿಚ್ಚಿ ನೋಡಿದಳು. ಗಂಟಲ ಕೆಳಗಿನ ಕುಳಿ ಒಳಕ್ಕೆ ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು.

ಅವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಆದರೂ ತಕ್ಷಣ ಏಳಲಿಲ್ಲ. ಇನ್ನೊಮ್ಮೆ ನೋಡೋಣ ಎಂದು ಗುಂಡಿ ಹಾಕಿದಳು, ಮತ್ತೆ ಬಿಚ್ಚಿದಳು. ಆಸ್ಪತ್ರೆಗೆ ಹೋಗಿ, ಅಲ್ಲಿ ಮಗು ಆಟ ಆಡಿಬಿಟ್ಟರೆ? ಆ ಆಂಬುಲೆನ್ಸಿನ ಜೋಕು ಇನ್ನೊಂದು ವರ್ಷ ಬದುಕುತ್ತದೆ. ಈ ಯೋಚನೆ ಬಂದದ್ದೇ ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಭಾವನ ಬುದ್ಧಿಯನ್ನು ಮೂರು ಕಾಸಿಗೂ ಕೊಳ್ಳದವಳು, ಅವನ ನಗುವಿಗೆ ಮಾತ್ರ ಇಷ್ಟು ಬೆಲೆ ಕಟ್ಟಿದ್ದಳಲ್ಲ. ಎದ್ದಳು.

“ಆಸ್ಪತ್ರೆಗೆ ಹೋಗಬೇಕು. ಈಗಲೇ,” ಎಂದಳು ಗಂಡನಿಗೆ.

ಗಂಡ ಅಣ್ಣನ ಕಡೆ ತಿರುಗಿದ. ಅಣ್ಣ ಕಾಫಿ ಲೋಟ ಕೆಳಗಿಡದೆ, ಕೆಮ್ಮು ನಿಂತಿರುವಾಗ ಎಂಥ ಆಸ್ಪತ್ರೆ, ಬೇಕಾದರೆ ಅಲ್ಲಿ ಖರೀದಿ ವಿಭಾಗದ ಮುಖ್ಯಸ್ಥರು ನನಗೆ ತುಂಬ ಬೇಕಾದವರು, ಅವರಿಗೆ ಒಂದು ಫೋನು ಹಾಕಿ ಕೇಳುತ್ತೇನೆ ಎಂದು ಜೇಬಿಗೆ ಕೈ ಹಾಕಿದರು. ಉಸಿರು ಸಿಕ್ಕಿಕೊಂಡ ಮಗುವಿನ ಬಗ್ಗೆ ಮಂಚ ಕೊಳ್ಳುವವನನ್ನು ಮಂಚ ಮಾರುವವನು ಕೇಳುವುದು. ಅವಳು ಟೀಪಾಯಿಯ ಮೇಲಿದ್ದ ಹೊಸ ಕಾರಿನ ಕೀಲಿ ತೆಗೆದು ಗಂಡನ ಕೈಗೆ ಹಾಕಿದಳು.

“ರೀ, ಇವಳ ಕತ್ತು ನೋಡಿ. ಅಣ್ಣನ ಮುಖ ಅಲ್ಲ, ಇವಳ ಕತ್ತು.”

ಅವನು ನೋಡಿದ. ಕುಳಿ ಒಳಕ್ಕೆ ಹೋಯಿತು. ಅವನ ಮುಖದ ಬಣ್ಣವೂ ಹೋಯಿತು. ಕೀಲಿ ಹಿಡಿದು ಮೆಟ್ಟಿಲ ಕಡೆ ನಡೆದ.

ಭಾವನವರು ಹಿಂದೆಯೇ ಓಡಿ ಬಂದರು. ಮಗುವಿಗಾಗಿ ಬಂದರೋ ಕಾರಿಗಾಗಿ ಬಂದರೋ ಎಂಬ ಅನುಮಾನ ಬಹಳ ಹೊತ್ತು ಉಳಿಯಲಿಲ್ಲ, ಏಕೆಂದರೆ ಮುಂದಿನ ಸೀಟಿನಲ್ಲಿ ಕೂತ ಕೂಡಲೇ ಅವರು ಹೇಳಿದ್ದು ಗೇರು ನಿಧಾನವಾಗಿ ಹಾಕು ಎಂದು. ಅವಳು ಹಿಂದಿನ ಕಿಟಕಿ ಇಳಿಸಿದಳು. ಎಸಿ ಇದೆ, ಧೂಳು ಬರುತ್ತದೆ, ಸೀಟು ಹೊಸದು ಎಂದು ಅವರು ಕತ್ತು ತಿರುಗಿಸಿದರು. ಅವಳು ಇನ್ನೊಂದು ಬದಿಯ ಕಿಟಕಿಯನ್ನೂ ಇಳಿಸಿದಳು. ತಂಗಾಳಿ ಮುಖಕ್ಕೆ ಬಡಿದಾಗ ಕೀರಲು ಸದ್ದು ಒಂದಿಷ್ಟು ತಗ್ಗಿದಂತೆ ಕಂಡಿತು, ಹೋಗಲಿಲ್ಲ. ಬ್ರೇಕಿನವನೆಂದು ಅವಳು ಮನಸ್ಸಿನಲ್ಲಿ ಹಂಗಿಸುತ್ತಿದ್ದ ಗಂಡ ಅಂದು ದಾರಿಯಲ್ಲಿ ಒಂದು ಸಲವೂ ಬೇಡದ ಕಡೆ ನಿಲ್ಲಿಸಲಿಲ್ಲ.

ತುರ್ತು ವಿಭಾಗದ ನರ್ಸು ಮಗುವಿನ ಉಸಿರು ಕೇಳಿದ್ದೇ, ಸಾಲು ಬಿಡಿಸಿ ಒಳಗೆ ಕರೆದಳು. ಹೋದ ಸಲದ ಡಾಕ್ಟರೇ ಇದ್ದರು. ಭಾವನವರು ಎಲ್ಲರಿಗಿಂತ ಮೊದಲು ಮಂಚದ ಬಳಿ ಹೋಗಿ, ಅದರ ಪಕ್ಕದ ಹಿಡಿಕೆ ತಿರುಗಿಸಿ, ಮಗುವನ್ನು ಇಲ್ಲಿ ಮಲಗಿಸಿ, ಇದು ನಮ್ಮದೇ ಮಾಡೆಲ್, ಬೆನ್ನು ಪೂರ್ತಿ ಸಪಾಟಾಗುತ್ತದೆ ಎಂದು ತೋರಿಸತೊಡಗಿದರು. ಹಿಡಿಕೆ ಅರ್ಧ ಸುತ್ತಿಗೆ ಕಚ್ಚಿಕೊಂಡು ನಿಂತಿತು.

“ಮಲಗಿಸೋದು ಬೇಡ. ಅಮ್ಮನ ತೊಡೆ ಮೇಲೇ ಇರಲಿ,” ಎಂದರು ಡಾಕ್ಟರು. ಆಮೇಲೆ ಭಾವನವರ ಕಡೆ ತಿರುಗಿ, “ನೀವು ಯಾರು?” ಎಂದರು.

“ಮಗು ದೊಡ್ಡಪ್ಪ. ಈ ಮಂಚಗಳೆಲ್ಲ ನಮ್ಮ ಕಂಪನೀದು.”

“ಓ, ನೀವೇನಾ? ಹಾಗಿದ್ರೆ ದಯವಿಟ್ಟು ಹೊರಗೆ ಹೋಗಿ. ವರಾಂಡದಲ್ಲಿ ನಿಮ್ಮ ಇನ್ನೊಂದು ಮಂಚದ ಚಕ್ರ ಕಿತ್ತು ಬಂದಿದೆ, ಅದನ್ನ ನೋಡಿ.”

ಡಾಕ್ಟರು ಗಟ್ಟಿಯಾಗಿ ಹೇಳಲಿಲ್ಲ. ಆದರೆ ನರ್ಸು ಮುಖ ಆಚೆ ತಿರುಗಿಸಿಕೊಂಡಳು.

ಗಿಣಿಗೆ ಒಂದು ಚಮಚದಷ್ಟು ಔಷಧಿ ಕುಡಿಸಿದರು. ಮೂಗು ಬಾಯಿಗೆ ತುಸು ದೂರದಲ್ಲಿ ಮಾಸ್ಕು ಹಿಡಿದು ಔಷಧಿಯ ಮಂಜು ಬಿಟ್ಟರು. ತಾಯಿ ತೊಡೆಯ ಮೇಲೆ ಕೂರಿಸಿಕೊಂಡು, ಯಾವುದೋ ಬೆಕ್ಕಿನ ಕಥೆಯನ್ನು ಕೊನೆಯಿಲ್ಲದೆ ಹೇಳುತ್ತಿದ್ದಳು. ಗಂಡ ಮಗುವಿನ ಪಾದ ಹಿಡಿದುಕೊಂಡು ಕೂತಿದ್ದ. ನಿಧಾನವಾಗಿ ಕುಳಿಯ ಎಳೆತ ಸಣ್ಣದಾಯಿತು, ಕೀರಲು ಸದ್ದು ಅಳಿಯಿತು. ಸಂಜೆಯವರೆಗೂ ಅಲ್ಲೇ ಇರಿಸಿಕೊಂಡು ಮತ್ತೆ ಮತ್ತೆ ನೋಡಿದರು. ಈ ಮಂಜಿನ ಔಷಧಿಯ ಪ್ರಭಾವ ಇಳಿದ ಮೇಲೆ ಊತ ಮರಳಿ ಬರಬಹುದು, ಅದಕ್ಕೇ ಈ ಕಾಯುವಿಕೆ ಎಂದು ಡಾಕ್ಟರು ವಿವರಿಸಿದರು.

ಅವಳು ಅಂಜುತ್ತಲೇ, ಹೋದ ಸಲ ಸುಮ್ಮನೆ ಬಂದು ತೊಂದರೆ ಕೊಟ್ಟೆ, ಈ ಸಲ ತಡ ಮಾಡಿದೆನೋ ಏನೋ ಎಂದಳು.

“ಹೋದ ಸಲ ಬಂದಿದ್ದಕ್ಕೇ ತಾನೇ ಏನು ನೋಡಬೇಕು ಅಂತ ಗೊತ್ತಾಗಿದ್ದು?” ಎಂದರು ಅವರು. “ಅನುಮಾನ ಬಂದ್ರೆ ಬನ್ನಿ. ಸುಮ್ಮನೆ ಬಂದವರನ್ನ ವಾಪಸು ಕಳಿಸೋದು ನಮಗೇನೂ ಕಷ್ಟ ಅಲ್ಲ.”

ಇಷ್ಟು ಸಣ್ಣ ಮಾತನ್ನು ಮನೆಯಲ್ಲಿ ಇಷ್ಟು ದಿನ ಒಬ್ಬರೂ ಆಡಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ಹೊರಗೆ ಬಂದಾಗ ಭಾವನವರು ವರಾಂಡದ ಬೆಂಚಿನ ಮೇಲೆ ಫೋನಿನಲ್ಲಿದ್ದರು. ಆ ಕಡೆಯಿದ್ದವಳು ಅತ್ತೆ. ಹೌದಮ್ಮ, ಸಕಾಲಕ್ಕೆ ತಂದೆವು, ನಾನು ಬಾಯಿ ತೆರೆಸಿ ನೋಡಿದಾಗಲೇ ಅನುಮಾನ ಬಂದಿತ್ತು, ಹಬೆ ಕೊಟ್ಟಿದ್ದರಿಂದ ಇಲ್ಲಿವರೆಗೆ ತಡೆದುಕೊಂಡಿತು, ಡಾಕ್ಟರು ನನ್ನ ಹತ್ತಿರ ಬಹಳ ಹೊತ್ತು ಮಾತಾಡಿದರು ಎನ್ನುತ್ತಿದ್ದರು. ಮಗು ಕಿರಿಸೊಸೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು, ಜಗಳಕ್ಕಿಂತ ಆ ನಿದ್ದೆ ದೊಡ್ಡದಾಗಿತ್ತು.

ಮಾತಾಡಿದವನು ಗಂಡ.

“ಇಲ್ಲ ಅಣ್ಣ,” ಎಂದ. ಧ್ವನಿ ಏರಲಿಲ್ಲ. “ನೀನು ಬೇಡ ಅಂದೆ. ಅವಳು ಹೊರಡಿಸಿದಳು. ಅಮ್ಮನಿಗೆ ಅದನ್ನೇ ಹೇಳು.”

ಭಾವನವರು ಫೋನನ್ನು ಕಿವಿಯಿಂದ ತೆಗೆದು, ಅದು ಕೆಟ್ಟಿದೆಯೇನೋ ಎಂಬಂತೆ ನೋಡಿದರು. ತಾವು ಹೇಳಿದ್ದರ ಅರ್ಥ ಬೇರೆ ಎಂದು ಏನೋ ಗೊಣಗಿ, ಕಾರಿನ ಕೀಲಿ ಕೇಳಿದರು. ಗಂಡ ಕೊಟ್ಟ. ಅವನು ಆಡಿದ ಮಾತನ್ನು ಹೊಗಳುವಷ್ಟು ಧಾರಾಳಿ ಅವಳಲ್ಲ, ಆರು ತಿಂಗಳ ಬಾಕಿ ಅಷ್ಟು ಸುಲಭಕ್ಕೆ ಚುಕ್ತಾ ಆಗುವಂಥದ್ದೂ ಅಲ್ಲ. ಆದರೂ ಮಗುವಿನ ಚೀಲವನ್ನು ಅವನ ಹೆಗಲಿಗೆ ಹಾಕಿ, ಅವನ ಪಕ್ಕದಲ್ಲೇ ನಡೆದಳು.

ಆ ಭಾನುವಾರದ ನಂತರ ಭಾವನವರು ಕಿರಿಸೊಸೆಯ ಮನೆಯಲ್ಲಿ ಯಾರ ಬಾಯನ್ನೂ ತೆರೆಸಿ ನೋಡಲಿಲ್ಲ. ವಿದ್ಯೆಯನ್ನೇನೂ ಬಿಟ್ಟಿಲ್ಲ. ಈಗ ತಮ್ಮ ತಂಗಿಯ ಮನೆಗೆ ಹೋಗಿ, ಅವಳ ಗಂಡನ ರಕ್ತದೊತ್ತಡವನ್ನು ಬರೀ ಮಣಿಕಟ್ಟು ಹಿಡಿದೇ ನೋಡಿ ಹೇಳುತ್ತಾರಂತೆ. ಆ ತಂಗಿಯ ಗಂಡ ಬಹಳ ಸಂಭಾವಿತರು, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರಂತೆ.