ಗಚ್ಚಿನ ಗೋಡೆ

ಮಾನ್ವಿಯ ಹಳೆಯ ವಾಡೆಯ ದೊಡ್ಡ ಮನೆಯನ್ನು ಬಿಚ್ಚಿದಾಗ ನಾನೂ ಅಲ್ಲಿದ್ದೆ. ನೂರು ವರ್ಷದ ಗೋಡೆ. ಉಳಿ ತಾಗಿಸಿದರೆ ಸಾಕು, ಗಚ್ಚು ಉದುರಿ ಕಲ್ಲು ಇಡಿಯಾಗಿ ಕೈಗೆ ಬರುತ್ತಿತ್ತು. ಆ ಕಲ್ಲುಗಳಿಂದಲೇ ರಾಯಚೂರಿನಲ್ಲಿ ಮನೆ ಕಟ್ಟುತ್ತೇನೆ, ಹಿಡಿ ಸಿಮೆಂಟೂ ಸೋಕಿಸುವುದಿಲ್ಲ ಎಂದು ಇಂಜಿನಿಯರ್ ವಿಶ್ವೇಶ ನಮ್ಮನ್ನು ದೇವದುರ್ಗದಿಂದ ಕರೆಸಿದ್ದ. ಸುಣ್ಣ, ಮರಳು, ಬೆಲ್ಲದ ನೀರು ಕೂಡಿಸಿ ಗಚ್ಚು ಅರೆಯುವವರು ನಮ್ಮೂರಲ್ಲಿ ಉಳಿದಿರುವುದು ಇಬ್ಬರೇ, ನಾನು ಮತ್ತು ನನ್ನ ಗಂಡ ಹುಲಿಗೆಪ್ಪ. ಈ ಮನೆ ನೋಡಿ ಇನ್ನೂ ನಾಲ್ಕು ಜನ ಗಚ್ಚು ಕೇಳಿದರೆ ಕಸುಬು ಬದುಕುತ್ತದೆ ಎಂದು ಆಸೆಪಟ್ಟಿದ್ದೆ.

ಗಚ್ಚಿಗೆ ಅವಸರ ಆಗದು. ಒಂದು ಸಾಲು ಕಟ್ಟಿದರೆ ಅದು ಬಿಗಿಯುವ ತನಕ ಕಾಯಬೇಕು. ವಿಶ್ವೇಶ ಮಾತ್ರ ಗೃಹಪ್ರವೇಶದ ಮುಹೂರ್ತ ಇಟ್ಟು ಕೂತಿದ್ದ. ನಾವು ಅಮಾವಾಸ್ಯೆಗೆ ಊರಿಗೆ ಹೋಗಿ ನಾಲ್ಕನೆಯ ದಿನ ಬಂದರೆ, ಸೊಂಟದೆತ್ತರದ ಗೋಡೆ ತಲೆ ದಾಟಿ ನಿಂತಿತ್ತು! ವಿಶ್ವೇಶ ಕರೆಸಿದ ಬೇರೆ ಆಳುಗಳು ಸಂದಿಗಳಿಗೆ ಸುಣ್ಣ ಬಳಿದಿದ್ದರು. ಉಗುರಿನಿಂದ ಕೆರೆದೆ. ಒಳಗೆಲ್ಲ ಬೂದು ಸಿಮೆಂಟು. ಮೇಲೆ ಥಳುಕು, ಒಳಗೆ ಹುಳುಕು.

"ಏನ್ರಿ ಸಾಹೇಬ್ರ ಇದು?"

"ಟೈಮ್ ಇರ್ಲಿಲ್ಲ ಗದ್ದೆಮ್ಮ. ಹೊರಗ ಕಾಣಂಗಿಲ್ಲ ಬಿಡ್ರಿ. ಇಲ್ಲಿ ನೋಡ್ರಿ, ನಿಮ್ಮಿಬ್ಬರ ಹೆಸರೂ ಕೆತ್ತಿಸೀನಿ!" ಎಂದು ಮೂಗಿಗೆ ತುಪ್ಪ ಸವರಿದ. ಬಾಗಿಲ ಪಕ್ಕದ ಕಲ್ಲಿನಲ್ಲಿ ಬರೆದಿತ್ತು: ಗಚ್ಚಿನ ಕೆಲಸ, ಹುಲಿಗೆಪ್ಪ, ಗದ್ದೆಮ್ಮ, ದೇವದುರ್ಗ.

ಗಂಡ ನನ್ನ ಸೆರಗು ಜಗ್ಗಿದ. "ಸುಮ್ಕಿರು. ಹೆಸರು ನೋಡಿ ಮಂದಿ ಕೆಲಸಕ್ಕ ಕರೀತಾರ."

"ಯಾವ ಕೆಲಸಕ್ಕ? ನಮ್ಮ ಹೆಸರಿಲೆ ಸಿಮೆಂಟ್ ಮೆತ್ತಾಕ?" ಎಂದೆ. ವಿಶ್ವೇಶನತ್ತ ತಿರುಗಿದೆ. "ಹಿರ್ಯಾರ ಗಚ್ಚು ಬಿಟ್ಟುಕೊಟ್ಟದ್ದಕ್ಕ ಈ ಕಲ್ಲು ನಿಮಗ ಇಡೀ ಸಿಕ್ಕಾವ. ನಿಮ್ಮ ಸಿಮೆಂಟ್ ಬಿಟ್ಟುಕೊಡತದೇನ್ರಿ? ಮುಂದಿನವರಿಗೆ ಬರೇ ಚೂರು ಸಿಗ್ತಾವ."

"ಅಷ್ಟು ಮುಂದಿಂದು ಯಾರು ನೋಡ್ತಾರವ್ವಾ?"

"ಗ್ವಾಡಿ ಬಿಚ್ಚವರು ನೋಡ್ತಾರ. ನಮ್ಮ ಹೆಸರು ಓದಿ ಉಗುಳ್ತಾರ."

ಉಳಿ ತೆಗೆದುಕೊಂಡು ನನ್ನ ಹೆಸರನ್ನು ಕಿತ್ತು ಹಾಕಿದೆ. ವಿಶ್ವೇಶ ಕೂಗಾಡಿದ, ಕೇಳಲಿಲ್ಲ. ಗಂಡನ ಹೆಸರನ್ನು ನಾನು ಮುಟ್ಟಲಿಲ್ಲ, ಅದು ಅವನದು. ಉಳಿಯನ್ನೂ ಸುತ್ತಿಗೆಯನ್ನೂ ಅವನ ಕೈಗಿಟ್ಟು ದೂರ ಸರಿದೆ.

ಅವನು ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿದ; ಊರಿನ ಹೆಸರಿನ ಮೇಲೆ ಬೆರಳು ನಿಂತಿತು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ತನ್ನ ಹೆಸರಿಗಿಂತ ಮೊದಲು ದೇವದುರ್ಗವನ್ನು ಕೀಳತೊಡಗಿದ.