ಗುರುಲಿಂಗವ್ವನ ಬೆನ್ನ ಹಿಂದಿನ ಚೀಲ

“ಇನ್ನೊಂದೀಟು ನೂಕ್ರಿ, ಅಕ್ಕ ವಾಲ್ಯಾಳ,” ಎಂದ ಕಾಶಪ್ಪ.

ಇಬ್ಬರು ಗೋದಿ ಚೀಲವನ್ನು ಮುಂದಕ್ಕೆ ನೂಕಿದರು. ಅಂಗಳದ ನಡುವೆ ಮಣೆಯ ಮೇಲೆ ಕುಳ್ಳಿರಿಸಿದ್ದ ಗುರುಲಿಂಗವ್ವನ ಹೆಣ ನೆಟ್ಟಗಾಯಿತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಬದುಕಿದ್ದಾಗ ಯಾರ ಆಸರೆಯನ್ನೂ ಕೇಳಿದವಳಲ್ಲ.

1979ರ ಹಿಂಗಾರಿ. ಬೇವೂರಿನ ಹೊಲಗಳು ಬಿತ್ತನೆಗೆ ಹದವಾಗಿದ್ದವು. ಬಾಗಲಕೋಟೆಯ ಬಸ್ಸಿಳಿದು ಬಂದ ಶಿವಸಂಗಪ್ಪ ಹೆಣಕ್ಕೆ ಕೈಮುಗಿದ. ಅವನು ಸರಕಾರದ ಗೋದಿ ತಳಿ ಅಧಿಕಾರಿ. ಸತ್ತವಳ ಮಗಳು ಚಂದ್ರವ್ವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ:

“ಅಕ್ಕಾರ, ಕೇಳಬಾರದ ಹೊತ್ತಿನಾಗ ಕೇಳಾಕತ್ತೇನಿ. ಅವ್ವಾರ ಬೀಜದ ಸದಕ ಎಲ್ಲೈತ್ರಿ?”

ಚಂದ್ರವ್ವ ಕಣ್ಣೊರೆಸಿಕೊಂಡು ತಾಯಿಯ ಬೆನ್ನ ಹಿಂದೆ ಬೆರಳು ತೋರಿಸಿದಳು.

“ಅದ ನೋಡ್ರಿ. ಮುಂಜಾನೆ ಕಾಶಪ್ಪ ಮಾವ ಕತ್ತಲಿ ಕ್ವಾಣ್ಯಾಗ ಕೈಗೆ ಸಿಕ್ಕ ಚೀಲ ಎಳಕೊಂಡು ಬಂದಾನ.”

*

ಸದಕವೆಂದರೆ ಒಕ್ಕಿದರೂ ಸಿಪ್ಪೆ ಬಿಡದ ಹಳೆಯ ಗೋದಿ. ಎರಡು ವರ್ಷದ ಹಿಂದೆ ಭಂಡಾರ ರೋಗ ಬಿದ್ದು, ಊರ ಗೋದಿಯ ಎಲೆ ಮುಟ್ಟಿದರೆ ಕೈಗೆಲ್ಲ ತುಕ್ಕಿನಂಥ ಪುಡಿ ಹತ್ತುತ್ತಿತ್ತು. ಗುರುಲಿಂಗವ್ವನ ಹೊಲ ಮಾತ್ರ ಹಸಿರಾಗಿತ್ತು. ಸುದ್ದಿ ಕೇಳಿ ಬಂದ ಶಿವಸಂಗಪ್ಪ ಅವಳ ಕಟ್ಟೆಯ ಮೇಲೆ ಕೂತು ವಿವರಿಸಿದ:

“ನಿಮ್ಮ ಸದಕಕ್ಕ ರೋಗ ಹತ್ತಂಗಿಲ್ಲ, ಖರೆ. ಆದ್ರ ಎತ್ತರ ಭಾಳ, ಗಾಳಿಗೆ ಬೀಳತೈತಿ. ನಮ್ಮ ಗಿಡ್ಡ ಗೋದಿ ಬೀಳೂದಿಲ್ಲ, ರೋಗಕ್ಕ ಸಾಯ್ತೈತಿ. ಎರಡನ್ನೂ ಕೂಡಿಸಿದ್ರ...”

“ಹಂಗಾರ ನೀ ಹೆಣ್ಣು ಕೇಳಾಕ ಬಂದೀ,” ಎಂದಳು ಗುರುಲಿಂಗವ್ವ. “ವರ ಎಷ್ಟೆತ್ತರ ಅದಾನ?”

“ಟೊಂಕಮಟ ಅದಾನ್ರಿ.”

“ನನ್ನ ಹುಡುಗಿ ಎದಿಮಟ ಅದಾಳ. ಯಾವೂರವ?”

“ಮೂಲ ಮೆಕ್ಸಿಕೊ ಕಡ್ಯಾವ್ರಿ.”

“ಎತ್ತರಿಲ್ಲ, ಊರು ಕೇಳಿಲ್ಲ. ಚಾ ಕುಡದು ಹೋಗು, ತಮ್ಮಾ.”

ಮರುವರ್ಷವೂ ಚಹಾ ಸಿಕ್ಕಿತು, ಬೀಜ ಸಿಗಲಿಲ್ಲ. “ನಾ ಇರೂತನಕ ಕೊಡಂಗಿಲ್ಲ. ನಾ ಹೋದಮ್ಯಾಲ ಒಯ್ಯಿ,” ಎಂದಿದ್ದಳು. ಊರಿನ ಉಳಿದವರು ಆಗಲೇ ಹೊಸ ಬೀಜಕ್ಕೆ ಹೋಗಿದ್ದರು. ಆ ಸದಕ ಉಳಿದದ್ದು ಅವಳ ಒಂದೇ ಚೀಲದಲ್ಲಿ.

*

“ಚೀಲ ತಗದ್ರ ಅಕ್ಕ ಅಂಗಾತ ಬೀಳ್ತಾಳ,” ಎಂದ ಕಾಶಪ್ಪ. ಅವನು ಗುರುಲಿಂಗವ್ವನ ತಮ್ಮ. ಮಣ್ಣು ಮಾಡುವ ಉಸ್ತುವಾರಿ ಅವನದೇ. “ಹೆಣಕ್ಕ ಆಸರ ಆದದ್ದು ಹೊಳ್ಳಿ ಮನಿಗೆ ಬರಂಗಿಲ್ಲ. ಅಕ್ಕನ ಜೋಡಿ ಕುಣ್ಯಾಗ ಹಾಕೂದು.”

“ಕುಣ್ಯಾಗ ಹಾಕಿದ್ರ ಈ ಬೀಜ ಮುಗೀತು, ಕಾಕಾ,” ಎಂದ ಶಿವಸಂಗಪ್ಪ. “ಇಂಥಾದು ನನಗ ಬ್ಯಾರೆ ಎಲ್ಲೂ ಸಿಕ್ಕಿಲ್ಲ. ಅವ್ವಾರನ್ನ ಗ್ವಾಡಿಗೆ ಆನಿಸಿದ್ರ?”

“ಅಯ್ನೋರು ಪೂಜಿ ಮಾಡಿ ಕುಂದ್ರಿಸ್ಯಾರ. ಹೊತ್ತೊಯ್ಯೂ ಇಮಾನ ಕಟ್ಟಿ ತರೂತನಕ ಸರಸಂಗಿಲ್ಲ.”

“ಮಾವಾ, ನಾ ಹೋದಮ್ಯಾಲ ಒಯ್ಯಿ ಅಂತ ಅವ್ವ ಇವರಿಗೆ ಅಂದಿದ್ಲು,” ಎಂದಳು ಚಂದ್ರವ್ವ. “ನಾ ಅಲ್ಲೇ ಇದ್ದೆ.”

ಕಾಶಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ.

“ಮನಿಗೆ ಬರಬಾರದು, ಅಷ್ಟ. ಸರಕಾರಕ್ಕ ಹೋಗಬಾರದು ಅಂತ ನಮ್ಮ ಹಿರ್ಯಾರು ಹೇಳಿಲ್ಲ. ಬ್ಯಾರೆ ತುಂಬಿದ ಚೀಲ ಯಾರ ಮನ್ಯಾಗೈತ್ರೆಪಾ?”

ಮೂಲೆಯಲ್ಲಿ ಭಜನೆಯವರು ತಾಳ ಕೆಳಗಿಟ್ಟರು. ತುಂಬಿದ ಚೀಲವೆಂದರೆ ಈಗ ಬೀಜದ ಚೀಲ. ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ಎಲ್ಲರೂ ಈಗತಾನೆ ಕೇಳಿದ್ದರು.

“ನಂದು ಇಲಿ ಕಡದೈತಿ,” ಎಂದ ದುರಗಪ್ಪ.

“ನಮ್ಮದು ಬೀಗರು ಒಯ್ದಾರ,” ಎಂದಳು ನೆರೆಮನೆಯ ಸಿದ್ದವ್ವ.

“ಈಗರೆ ಅಕ್ಕನ ಗುಣ ಹಾಡಿ ಹಾಡಿ ಅಳಾಕತ್ತಿದ್ರಿ,” ಎಂದ ಕಾಶಪ್ಪ.

ಶಿವಸಂಗಪ್ಪ ಪ್ಯಾಂಟಿನ ಕಾಲು ಮಡಚಿದ.

“ನಾ ಕುಂದರ್ತೇನಿ, ಕಾಕಾ. ಚೀಲದ ಜಾಗಾದಾಗ.”

“ಹಂಗಾರ ನೀವೂ ಹೊಳ್ಳಿ ಮನಿಗೆ ಹೋಗಂಗಿಲ್ಲ ನೋಡ್ರಿ, ಸಾಹೇಬ್ರ,” ಎಂದ ದುರಗಪ್ಪ.

“ಸುಮ್ನಿರಲೇ,” ಎಂದ ಕಾಶಪ್ಪ. “ಮನಶ್ಯಾಗ ಜಳಕ ಮಾಡಿಸಬಹುದು. ಬೀಜಕ್ಕ ಹೆಂಗ ಮಾಡಸ್ತಿ?”

ಇಬ್ಬರು ಮುದುಕಿಯ ಭುಜ ಹಿಡಿದರು. ಕಾಶಪ್ಪ ಚೀಲ ಎಳೆದ. ಆ ಸಂದಿಯಲ್ಲಿ ಶಿವಸಂಗಪ್ಪ ಜಾರಿ ಕೂತು, ಅವಳ ಬೆನ್ನಿಗೆ ಬೆನ್ನು ಕೊಟ್ಟ. ಚೀಲ ಬಾಗಿಲಾಚೆ ಚಕ್ಕಡಿ ಏರಿತು. ಭಜನೆ ಮತ್ತೆ ಶುರುವಾಯಿತು.

ಸಿದ್ದವ್ವ ಬಂದು ಗುರುಲಿಂಗವ್ವನ ಹಣೆಗೆ ವಿಭೂತಿ ಹಚ್ಚಿದಳು, ಕಾಲು ಮುಟ್ಟಿದಳು. ಹಿಂದೆ ಕೂತವನನ್ನು ಹಾಗೇ ಬಿಡುವುದು ಸರಿ ಕಾಣಲಿಲ್ಲವೇನೋ, ಸುತ್ತಿ ಬಂದು ಅವನ ಹಣೆಗೂ ಹಚ್ಚಿದಳು. ಅವಳ ಹಿಂದಿದ್ದವರೆಲ್ಲ ಹಾಗೆಯೇ ಮಾಡಿದರು. ಶಿವಸಂಗಪ್ಪ ಕದಲುವಂತಿರಲಿಲ್ಲ.

ಆಗತಾನೆ ಶಿರೂರಿನಿಂದ ಬಂದ ಬೀಗರು ಬಾಗಿಲಲ್ಲೇ ನಿಂತರು. ಅಂಗಳದ ನಡುವೆ, ಜಗಳಾಡಿ ಬೆನ್ನು ತಿರುಗಿಸಿ ಕೂತವರಂತೆ, ಬೂದಿ ಹಚ್ಚಿಕೊಂಡ ಇಬ್ಬರು ಕೂತಿದ್ದರು. ಮೊದಲು ಏಳಲು ಇಬ್ಬರೂ ತಯಾರಿರಲಿಲ್ಲ.